ಹಳೇ ಕಬ್ಬಿಣ, ಬಿಡಿಯಾಗಿ

ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಫಾರಮ್ಮಿನಲ್ಲಿ ಸರಕಿನ ವರ್ಗ ಬರೆಯುವ ಜಾಗ ಎರಡು ಬೆರಳಿನಷ್ಟೂ ಅಗಲವಿಲ್ಲ. ಅಲ್ಲಿ ‘ಯಂತ್ರದ ಬಿಡಿಭಾಗ’ ಎಂದು ಬರೆದರೆ ಮರದ ಪೆಟ್ಟಿಗೆ, ಎಣ್ಣೆ ಕಾಗದ, ಮೇಲ್ಮುಖದ ಬಾಣ, ಎಲ್ಲ ಉಪಚಾರ. ‘ಹಳೇ ಕಬ್ಬಿಣ’ ಎಂದರೆ ಬಿಡಿಯಾಗಿ ಲಾರಿಗೆ ಸುರಿಯುವುದು. ಮುಚ್ಚಿದ ಗಿರಣಿಯ ಮಗ್ಗಗಳನ್ನು ದೂರದ ಇನ್ನೊಂದು ಗಿರಣಿ ಕೊಂಡಿದ್ದರಿಂದ ಮೊದಲನೆಯದನ್ನೇ ಬರೆದಿದ್ದೆ. ನಿನ್ನೆ ಬೆಳಿಗ್ಗೆ ಮುಚ್ಚಿದ ಗಿರಣಿಯ ಮ್ಯಾನೇಜರು ಫೋನು ಮಾಡಿದರು. ಕೊಂಡವರು ಈಗ ಬೇಡವೆಂದರಂತೆ, ಎಲ್ಲವೂ ಕುಲುಮೆಗಂತೆ. “ಕಟ್ಟೋದು ನಿಲ್ಲಿಸಿ ಅಂತ ಅಲ್ಲಿ ಕೆಲಸದವರಿಗೆ ನೀವೇ ಹೇಳಿಬಿಡಿ” ಎಂದರು. ಹಳೆಯದನ್ನು ಹೊಡೆದುಹಾಕಿ ಎರಡನೆಯದನ್ನು ಬರೆದೆ.

ಅಲ್ಲಿ ಯಾರಿಗೂ ಹೇಳಲಿಲ್ಲ, ದೊಡ್ಡಮ್ಮನಿಗೂ.

ಹದಿನೇಳನೇ ಮಗ್ಗದಲ್ಲಿ ಇಪ್ಪತ್ತಾರು ವರ್ಷ ನೇಯ್ದವಳು ಅವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದೂ ಅದರ ದುಡಿಮೆಯಲ್ಲೇ. ಭಾಗಗಳನ್ನು ಬಿಚ್ಚಿ ಕಟ್ಟಲು ಬಲ್ಲವರು ಬೇಕೆಂದಾಗ, ಕರೆಯುವ ಮೊದಲೇ ಹೋಗಿ ಕೂತಿದ್ದಳು. “ಎಲ್ಲೋ ಒಂದು ಕಡೆ ಓಡ್ತಿದ್ರೆ ಸಾಕು ಕಣೇ” ಎನ್ನುತ್ತಿದ್ದಳು.

ಇವತ್ತು ಮಧ್ಯಾಹ್ನ ಹೇಳಲೇಬೇಕೆಂದು ಗಿರಣಿಗೆ ಹೋದೆ. ಅವಳು ಹಣಿಗೆಯನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಕಟ್ಟುತ್ತಿದ್ದಳು. ನೂಲುಗಳು ಹಾಯುವ ಉಕ್ಕಿನ ಬಾಚಣಿಗೆ ಅದು. ಕತೆಯ ರಾಕ್ಷಸನ ಪ್ರಾಣ ಗಿಳಿಯೊಳಗಿದ್ದಂತೆ ಮಗ್ಗದ ಪ್ರಾಣ ಅದರೊಳಗೆ. ಒಂದು ಹಲ್ಲು ಬಾಗಿದರೂ ಬಟ್ಟೆಯುದ್ದಕ್ಕೂ ಗೆರೆ.

“ಏನಜ್ಜಿ, ಕಬ್ಬಿಣಕ್ಕೂ ಜೋಗುಳ ಹಾಡ್ತೀಯಾ?” ಪೆಟ್ಟಿಗೆ ಮಾಡುವ ಬಡಗಿ ಮೊಳೆ ಕಚ್ಚಿಕೊಂಡೇ ಕೆಣಕಿದ.

“ಯಾರೋ ಅಜ್ಜಿ? ನಿನ್ನ ಪೆಟ್ಟಿಗೆ ಸಂದೀಲಿ ಬೆಕ್ಕು ತೂರುತ್ತೆ, ಮೊದಲು ಅದನ್ನ ನೋಡ್ಕೋ.”

ಆಮೇಲೆ ನನ್ನ ಕಡೆ ಒಂದು ಚೀಟಿ ಚಾಚಿದಳು. “ಬರಿ. ಹದಿನೇಳು ಎಡಕ್ಕೆ ಎಳೆಯುತ್ತೆ. ಬೈಬೇಡಿ, ಸ್ವಲ್ಪ ರಮಿಸಿ. ಅಲ್ಲಿಯವರಿಗೆ ಗೊತ್ತಾಗ್ಬೇಕಲ್ಲ?”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಬರೆದುಕೊಟ್ಟೆ. ದುಂಡಗೆ, ಒಂದಕ್ಷರವೂ ತಪ್ಪದ ಹಾಗೆ.

ಅಷ್ಟರಲ್ಲಿ ಲಾರಿ ಬಂತು, ತೆರೆದ ಲಾರಿ, ತಳದಲ್ಲಿ ಯಾವುದೋ ತುಕ್ಕು ಹಿಡಿದ ಕೊಳವೆಗಳು.

“ದೊಡ್ಡಮ್ಮಾ, ಒಂದು ಮಾತು…”

“ನಿನ್ನೆನೇ ಗೊತ್ತಾಯ್ತು ಕಣೇ. ಪೆಟ್ಟಿಗೆ ಸಾಮಾನಾದ್ರೆ ಉದ್ದ, ಅಗಲ, ಎತ್ತರ ಅಳೆಯೋಕೆ ಹಿಂದಿನ ದಿನವೇ ನಿಮ್ಮೋರು ಟೇಪು ಹಿಡ್ಕೊಂಡು ಬರ್ತಾರೆ. ಗುಜರಿಗೆ ತೂಕ ಒಂದಿದ್ರೆ ಸಾಕು. ಯಾರೂ ಬರ್ಲಿಲ್ಲ.”

“ಮತ್ತೆ ಇವತ್ತೂ ಯಾಕೆ ಕಟ್ತಾ ಕೂತೆ?”

“ನೀನು ಬಂದು ಹೇಳ್ತೀಯೇನೋ ಅಂತ.”

ಬಡಗಿ ಬಾಯೊಳಗಿನ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. ದೊಡ್ಡಮ್ಮ ಆಗತಾನೇ ಸುತ್ತಿದ್ದ ಎಣ್ಣೆ ಕಾಗದ ಬಿಚ್ಚತೊಡಗಿದಳು. ನಾನೂ ಕೈ ಹಾಕಿದೆ. “ಬೇಡ, ಕೈ ಕೊಳೆಯಾಗುತ್ತೆ” ಎಂದಳು. ಸಿಟ್ಟಿರಲಿಲ್ಲ ಅದರಲ್ಲಿ. ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಲಾರಿಯವನು ಇಳಿದು ಬಂದು ಕಾಗದಪತ್ರ ಯಾರ ಹತ್ತಿರ ಇದೆ ಎಂದು ಕೇಳಿದ.

ದೊಡ್ಡಮ್ಮ ತಲೆಯೆತ್ತಲಿಲ್ಲ. “ಅಗೋ, ಆಫೀಸಿನವರು ನಿಂತಿದ್ದಾರಲ್ಲ,” ಎಂದಳು, “ಅವರನ್ನ ಕೇಳಪ್ಪ.”