ಸಹಿ ಸಾಹೇಬ

ಕೃತಕ ಕಾಲು ತಯಾರಿಸೋಕೆ ಡಿಗ್ರಿ ಯಾಕೆ ಎಂದು ಇಪ್ಪತ್ತೆರಡು ವರ್ಷ ಗೊಣಗಿಕೊಂಡೇ ಬಂದವಳು ನಾನು. ಆಸ್ಪತ್ರೆಯ ಹಿಂಭಾಗದ ನಮ್ಮ ವರ್ಕ್‌ಶಾಪಿನಲ್ಲಿ ಅಚ್ಚು ತೆಗೆಯುವುದು, ಉಜ್ಜುವುದು, ಕೂರಿಸುವುದು ಎಲ್ಲ ನನ್ನ ಕೆಲಸ. ಕೊನೆಗೆ ಕಾಗದಕ್ಕೆ ಸಹಿ ಹಾಕುವವರು ಮಾತ್ರ ಡಿಗ್ರಿಯವರು. ಈಗಿರುವ ಹುಡುಗನಿಗೆ ನಾನಿಟ್ಟ ಹೆಸರು ಸಹಿ ಸಾಹೇಬ. ಅವನನ್ನು ಕಂಡರೆ ನನಗೆ ಹೊಟ್ಟೆಯುರಿ, ಅದರಲ್ಲಿ ಮುಚ್ಚುಮರೆಯೇನಿಲ್ಲ.

ಮಗಳು ಹನ್ನೆರಡನೇ ತರಗತಿ ಮುಗಿಸಿ ರಜೆಯಲ್ಲಿ ನನ್ನ ಪಕ್ಕ ಬಂದು ಕೂತಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರೇನೋ, ಆದರೆ ಮೂರೇ ತಿಂಗಳಲ್ಲಿ ಅವಳ ಕೈ ನಿಜಕ್ಕೂ ನನ್ನ ಕೈಯನ್ನು ಮೀರಿಸಿತು. ಇದೇ ವಿದ್ಯೆ ಕಲಿಸುವ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಸೇರಲು ಶುಕ್ರವಾರ ಕಡೇ ದಿನ.

"ನಾಲ್ಕು ವರ್ಷ ಅಲ್ಲಿ ಕೂತು ಏನ್ ಕಲೀತೀಯೆ? ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಇಲ್ಲೇ ಇರು," ಎಂದೆ. ಅವಳೂ ಹೂಂ ಅಂದಳು.

ಸೋಮವಾರ ಅಂಚೆಯಣ್ಣ ಬಂದರು. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡ ಪೋಸ್ಟ್‌ಮ್ಯಾನ್. "ನೀನೇ ಕೂರಿಸು," ಎಂದು ಮಗಳಿಗೆ ಬಿಟ್ಟೆ. ಸಹಿ ಸಾಹೇಬ ನೋಡಲಿ ಎಂಬ ಜಂಭ ನನಗೆ. ಅಂಚೆಯಣ್ಣ ಹಾಕಿದ್ದ ಬೂಟಿನ ಹಿಮ್ಮಡಿ ಎತ್ತರ ನೋಡಿ ಮಗಳು ಕೃತಕ ಪಾದದ ಓರೆ ಹೊಂದಿಸಿದಳು. ಅವರು ಕೋಣೆಯ ತುದಿಯವರೆಗೆ ಸಲೀಸಾಗಿ ನಡೆದರು. ಸಾಹೇಬನ ಸಹಿ ಬಿತ್ತು.

ಮನೆಯಲ್ಲಿ ಏನು ಮೆಟ್ಟುತ್ತೀರಿ ಎಂದು ಅವಳು ಕೇಳಲಿಲ್ಲ. ಎಲ್ಲರನ್ನೂ ಕೇಳುವ ನಾನೂ ಅವತ್ತು ಕೇಳಲಿಲ್ಲ, ಮಗಳನ್ನೇ ನೋಡುತ್ತ ಮೈಮರೆತಿದ್ದೆ. ಬೂಟಿನ ಲೆಕ್ಕಕ್ಕೆ ಕೂರಿಸಿದ ಕಾಲಿಗೆ ತೆಳು ಚಪ್ಪಲಿ ಹಾಕಿದರೆ ಅದು ಆಳನ್ನು ಹಿಂದಕ್ಕೆ ನೂಕುತ್ತದೆ. ಬುಧವಾರ ಬೆಳಿಗ್ಗೆ ಅಂಚೆಯಣ್ಣ ಮನೆಯ ಮೆಟ್ಟಿಲ ಮೇಲೆ ಚಪ್ಪಲಿಯಲ್ಲಿ ಹಿಂದಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡರು.

ದೊಡ್ಡ ಡಾಕ್ಟರು ಕಾಗದ ಹಿಡಿದು ವರ್ಕ್‌ಶಾಪಿಗೇ ಬಂದರು. "ಯಾರ್ರೀ ಇದನ್ನ ಕೂರಿಸಿದ್ದು?"

ನಾನು ತಲೆಯೆತ್ತದೆ ಕೈಯಲ್ಲಿದ್ದ ಅಚ್ಚನ್ನು ಉಜ್ಜುತ್ತಲೇ ಇದ್ದೆ. ಸಹಿ ಸಾಹೇಬ ಎದ್ದು ನಿಂತ. "ಸಹಿ ನಂದು ಸಾರ್. ನಾನು ಕೇಳಿ ನೋಡಬೇಕಿತ್ತು. ತಪ್ಪು ನಂದೇ."

"ಇಲ್ಲ ಸಾರ್, ಮಾಡಿದ್ದು ನಾನು," ಎಂದಳು ಮಗಳು.

ಡಾಕ್ಟರು ಕಾಗದ ತಿರುವಿ ನೋಡಿದರು. "ನೀನ್ಯಾರಮ್ಮ? ಇದ್ರಲ್ಲಿ ನಿನ್ನ ಹೆಸರೇ ಇಲ್ವಲ್ಲ."

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದೆಂದು ಸಹಿ ಸಾಹೇಬನಿಗೆ ಹೇಳಿದರು. ಅವನು ಕೋಟು ಕಳಚಿ ಮೊಳೆಗೆ ನೇತುಹಾಕಿದ. ಹೋಗುವಾಗ, "ಅಂಚೆಯವರ ಪಾದದ ಓರೆ ಸರಿಮಾಡಿಬಿಡಿ ಅಕ್ಕಾ," ಎಂದ, ಅಷ್ಟೇ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಸಂಜೆ ಮಗಳು ಕಾಲೇಜಿನ ಕಾಗದಗಳನ್ನು ಹೊರತೆಗೆದಳು. "ಬೇಜಾರ್ ಮಾಡ್ಕೋಬೇಡಮ್ಮ. ನಾನು ಸೇರ್ತೀನಿ."

"ಚಪ್ಪಲಿ ಕೇಳೋದು ಕಲಿಯೋಕಾ? ಅದನ್ನ ನಾನೇ ಕಲಿಸ್ತೀನಲ್ಲೇ."

"ನೀನು ಎಲ್ಲಾ ಕಲಿಸ್ತೀಯಮ್ಮ. ಆದ್ರೆ ನಾನು ಬೀಳಿಸಿದವರ ಮುಂದೆ, ಬೀಳಿಸಿದ್ದು ನಾನೇ ಅಂತ ಹೇಳಿದ್ರೆ ಆ ಮಾತು ಲೆಕ್ಕಕ್ಕೆ ಬರಬೇಕಲ್ಲ."

ಶುಕ್ರವಾರ ಅವಳ ಜೊತೆ ಹೋಗಿ ಸಾಲಿನಲ್ಲಿ ನಿಂತೆ. ಇಷ್ಟು ವರ್ಷ ನಾನು ಕೂರಿಸಿದ ಕಾಲು ಹಾಕಿಕೊಂಡು ಎಷ್ಟು ಜನ ಬಿದ್ದರೋ, ಅವರಿಗಾಗಿ ನನ್ನ ಬದಲು ಯಾರು ತಲೆ ತಗ್ಗಿಸಿ ನಿಂತರೋ, ನಾನು ಒಂದು ಸಲವೂ ವಿಚಾರಿಸಿರಲಿಲ್ಲ.