ಬೂಟು ಬಿಚ್ಚಿದವನು

ಬೂಟು ಮತ್ತೆ ಕಚ್ಚತೊಡಗಿತ್ತು. ವೆನಾನ್ಸಿಯೊ ಮೇಜಿನಡಿ ಎರಡನ್ನೂ ಕಳಚಿದ. ಬರಿಗಾಲು ಒದ್ದೆ ನೆಲಕ್ಕೆ ತಾಕಿದಾಗ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ರಿಯೊ ಪಟ್ಟಣದಲ್ಲಿ ಗುಲಾಮರು ಬೂಟು ಹಾಕುವಂತಿಲ್ಲ. ಅವನ ತಾಯಿ ಬಿಡುಗಡೆಯಾದ ದಿನವೇ ಒಂದು ಜೊತೆ ಕೊಂಡಿದ್ದಳು. ಬರಿಗಾಲಲ್ಲೇ ನಡೆದು ಅಗಲಗೊಂಡ ಪಾದ ಒಳಗೆ ಹೋಗದೆ, ಸಾಯುವತನಕ ಅವನ್ನು ಹೆಗಲಿಗೆ ತೂಗುಹಾಕಿಕೊಂಡೇ ಇಗರ್ಜಿಗೆ ಹೋದಳು. ಬಿಡುಗಡೆಯ ನಂತರ, ಸ್ವತಂತ್ರನಾಗಿಯೇ ಹುಟ್ಟಿದ ಮಗ ಓದಿದ, ಫ್ರೆಂಚ್ ಕಲಿತ. ಈಗ ಟೋಪಿ ಕಾರ್ಖಾನೆಯ ಹಬೆಯಲ್ಲಿ, ಬಾಡಿಗೆಗೆ ಬಂದ ಗುಲಾಮ ಕಲಿಸ್ತೊನ ಪಕ್ಕ ನಿಂತು, ನೆನೆದ ಉಣ್ಣೆಯನ್ನು ಮರದ ತಲೆಗಳಿಗೆ ಎಳೆದು ಕೂರಿಸುತ್ತಾನೆ. ಇಬ್ಬರ ಕೈಗಳೂ ಒಂದೇ ರೀತಿ ಬೆಂದಿವೆ. ಊಟಕ್ಕೆ ಮಾತ್ರ ವೆನಾನ್ಸಿಯೊ ಬೇರೆ ಕೂರುತ್ತಾನೆ.

"ಸಂಜೆ ನಿನ್ನ ಬೂಟು ಕೊಡು," ಕಲಿಸ್ತೊ ತಲೆಯೆತ್ತದೆ ಹೇಳಿದ.

ಒಡತಿಯಾದ ವಿಧವೆ ಕಲಿಸ್ತೊನನ್ನು ಒಳನಾಡಿನ ಕಾಫಿ ತೋಟಕ್ಕೆ ಮಾರಿದ್ದಳು. ಎಳೆದೊಯ್ಯಲು ಸಂಜೆ ದಳ್ಳಾಳಿ ಬರುತ್ತಾನೆ. ಕಾಲಲ್ಲಿ ಬೂಟಿದ್ದರೆ, ಸ್ವತಂತ್ರನೆಂದುಕೊಂಡು, ದೋಣಿಕಟ್ಟೆಯಲ್ಲಿ ಯಾರೂ ತಡೆಯುವುದಿಲ್ಲ.

"ನಿನಗೆ ಆಗಲ್ಲ."

"ಹಾಕಿ ನೋಡಿದೀನಿ. ಆಗತ್ತೆ."

"ನಾನು ಮನೆಗೆ ಹೆಂಗೆ ಹೋಗ್ಲಿ?"

"ಕಾಲಲ್ಲಿ ಹೋಗಪ್ಪ, ದೊರೆ. ನಿಮ್ಮವ್ವ ಹೋಗ್ತಿರಲಿಲ್ವ?"

ನೋಡೋಣ ಎಂದ ವೆನಾನ್ಸಿಯೊ. ಮಧ್ಯಾಹ್ನವಿಡೀ ಇಲ್ಲ ಅನ್ನಲು ಒಳ್ಳೆಯ ವಾಕ್ಯವೊಂದನ್ನು ಹುಡುಕಿದ. ನಾಲ್ಕೈದು ಸಿಕ್ಕವು; ಎಲ್ಲವೂ ಸಭ್ಯವಾಗಿದ್ದವು. ಒಂದನ್ನೂ ಆಡಲಿಲ್ಲ.

ಗಂಟೆ ಹೊಡೆಯಿತು. ಕಲಿಸ್ತೊನ ಕಣ್ಣು ತಪ್ಪಿಸಲು ಅವನು ಮರದ ತಲೆಯೊಂದರ ಮೇಲೆ ಬಗ್ಗಿ, ಮುಗಿದ ಕೆಲಸವನ್ನೇ ಮತ್ತೆ ಉಜ್ಜುತ್ತ ಉಳಿದ. ಮೇಸ್ತ್ರಿ ಮಹಡಿಗೆ ಹೋದ. ಹಬೆಯ ನಡುವೆ ಕೆಲಸಗಾರರು ಒಬ್ಬೊಬ್ಬರಾಗಿ ಹೊರಟರು. ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದ ದಳ್ಳಾಳಿ ಯಾರ ಮುಖವನ್ನೂ ನೋಡಲಿಲ್ಲ. ಕಾಲು ನೋಡಿ ದಾರಿ ಬಿಡುತ್ತಿದ್ದ. ಕೊನೆಗೆ ಒಳಬಂದು ವೆನಾನ್ಸಿಯೊನ ಮಣಿಕಟ್ಟು ಹಿಡಿದ.

"ವಿಧವೆ ಮನೆ ಕಲಿಸ್ತೊ ನೀನೇನಾ?"

"ನಾನಲ್ಲ. ನಾನು ಸ್ವತಂತ್ರ."

ದಳ್ಳಾಳಿ ಕೆಳಗೆ ನೋಡಿದ. "ಎಲ್ರೂ ಅದನ್ನೇ ಅಂತಾರೆ. ಬೂಟೆಲ್ಲಿ?"

ವೆನಾನ್ಸಿಯೊ ಕಾಲಿನಿಂದ ಮೇಜಿನಡಿ ತಡಕಿದ. ಒದ್ದೆ ನೆಲ. ಹೊರಗೆ ಕಲ್ಲುಹಾಸಿನ ಮೇಲೆ ತನ್ನದೇ ಬೂಟಿನ ಹಿಮ್ಮಡಿಗಳ ಸಪ್ಪಳ, ಅವಸರವಿಲ್ಲದೆ, ದೂರವಾಗುತ್ತಿತ್ತು. ಬೂಟು ಹಾಕಿಕೊಂಡು ಹೋಗುತ್ತಿದ್ದಾನಲ್ಲ, ಅವನೇ ಕಲಿಸ್ತೊ. ಅಷ್ಟು ಹೇಳಿದರೆ ಸಾಕು.

ಬಾಯಿ ತೆರೆದ. ಮಣಿಕಟ್ಟಿಗೆ ಬಿಗಿದ ಹಗ್ಗ ಒರಟಾಗಿತ್ತು. ಕಾಲು ಇನ್ನೂ ತಡಕುತ್ತಲೇ ಇತ್ತು. ಎದುರಿನ ಕಪಾಟಿನುದ್ದಕ್ಕೂ ಮರದ ತಲೆಗಳು ಹೊಸ ಟೋಪಿ ಹೊತ್ತು ಗಂಭೀರವಾಗಿ ಕೂತಿದ್ದವು, ಕತ್ತಿನ ಕೆಳಗೆ ಏನೂ ಇಲ್ಲದೆ.