ಬೆಳ್ಳಾರೆಯ ಪೈಪು, ಅಮೆರಿಕದ ಗುಡ್ಡೆ

ದೇರಣ್ಣ ಗೌಡನ ಸಿಟ್ಟು ಬೆಳ್ಳಾರೆಗೆಲ್ಲ ಗೊತ್ತಿದ್ದದ್ದೇ. ತೋಟಕ್ಕೆ ನೀರಿನ ಕಣಿ ತೋಡುವಾಗ, ಮನೆಯ ಅಡಿಪಾಯಕ್ಕೆ ಪಂಚಾಂಗ ಹಾಕುವಾಗ, ನೀರು ತುಂಬಿದ ಪೈಪು ಹಿಡಿದು ನೆಲದ ಮಟ್ಟ ನೋಡುವುದು ಅವನ ಕಸುಬು. ಅವನಿಟ್ಟ ಗುರುತನ್ನು ಯಾರಾದರೂ ಅರ್ಧ ಬೆರಳು ಆಚೀಚೆ ಮಾಡಿದರೋ, ಗ್ರಹಚಾರ ಬಿಡಿಸದೆ ಬಿಡುತ್ತಿರಲಿಲ್ಲ. ಅಂಥವನು ಆ ಪೈಪನ್ನು ಒಂಬತ್ತನೆಯ ಕ್ಲಾಸಿನ ಮಗಳು ಸೀತುವಿಗೆ ಕೊಟ್ಟನೆಂದರೆ ಸಣ್ಣ ಮಾತಲ್ಲ.

೧೯೮೨ನೇ ಇಸವಿ. ಪುತ್ತೂರಿನಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ. ಆಯ್ಕೆಯಾದವರು ಮಂಗಳೂರಿಗೆ ಹೋಗಬಹುದಿತ್ತು. ಸೀತುವಿಗೆ ಹೋಗಲೇಬೇಕಿತ್ತು.

ಹಲಗೆಯ ಮೇಲೆ ಆವೆಮಣ್ಣಿನ ಜ್ವಾಲಾಮುಖಿ ಗುಡ್ಡೆ, ಅದರ ಹೊಟ್ಟೆಯೊಳಗೆ ಫುಟ್‌ಬಾಲಿನ ಬ್ಲಾಡರ್, ಅದಕ್ಕೊಂದು ಸೈಕಲ್ ಪಂಪು. ಗುಡ್ಡೆಯ ನೆತ್ತಿಯಲ್ಲೊಂದು ಗಿಡ್ಡ ಕೋಲು, ಹೊರಗೆ ಬುಡದಲ್ಲೊಂದು ಉದ್ದದ್ದು, ಎರಡರ ತುದಿಯೂ ಒಂದೇ ಎತ್ತರಕ್ಕೆ. ಮನೆಯಲ್ಲೇ ಕುಂಕುಮದ ನೀರು ತುಂಬಿಸಿ ತಂದ ಪೈಪಿನ ತುದಿಗಳನ್ನು ಎರಡಕ್ಕೂ ಕಟ್ಟಿ, ಬುಡದಲ್ಲಿ ನೀರು ನಿಂತ ಮಟ್ಟಕ್ಕೊಂದು ಗುರುತು ಹಾಕಿತ್ತು. ನೆತ್ತಿಯ ತುದಿಯನ್ನು ದೇರಣ್ಣನೇ ಕಟ್ಟಿ, ಕಾಡಿನಂತೆ ಕಾಣಲೆಂದು ಹಸಿರು ಪಾಚಿ ಸುತ್ತಿದ್ದ.

ತೀರ್ಪುಗಾರರೊಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಗದ.

"ಹೊಗೆ ಬರುವ ಮೊದಲೇ ಗುಡ್ಡೆ ಹೇಳ್ತದೆ ಸಾರ್," ಸೀತು ಶುರುಮಾಡಿದಳು. "ಅಡಿಯಲ್ಲಿ ಕರಗಿದ ಕಲ್ಲು ಮೇಲೆ ಬರುವಾಗ ನೆಲ ಉಬ್ಬುದು. ಅದು ಬೇರೆ ಕಡೆ ಹೋದ್ರೆ ನೆಲ ಇಳಿಯುದು. ಸಣ್ಣ ಉಬ್ಬು ಕಣ್ಣಿಗೆ ಕಾಣುದಿಲ್ಲ, ಮಟ್ಟ ಹಿಡಿದ್ರೆ ಗೊತ್ತಾಗ್ತದೆ. ಎರಡು ವರ್ಷ ಹಿಂದೆ ಅಮೆರಿಕದಲ್ಲಿ ಒಂದು ಗುಡ್ಡೆಯ ಬದಿ ದಿನಕ್ಕೆ ಐದಡಿ ಉಬ್ಬಿದ್ದು. ಮತ್ತೆ ಒಡೆದದ್ದು."

"ಅದೆಲ್ಲ ಸರಿ. ಬೆಂಕಿ ಎಲ್ಲಿ ಉಂಟು?"

ಪಕ್ಕದ ಮೇಜಿನಲ್ಲಿ ಯಾರದೋ ಜ್ವಾಲಾಮುಖಿ ಪಟಾಕಿಯ ಹಾಗೆ ಕಿಡಿ ಕಾರುತ್ತಿತ್ತು. ಜನವೆಲ್ಲ ಅಲ್ಲೇ ಮುಗಿಬಿದ್ದಿತ್ತು. ಮಗಳ ಹಿಂದೆ ನಿಂತಿದ್ದ ದೇರಣ್ಣನಿಗೆ ಮೈಯೆಲ್ಲ ಉರಿಯಿತು. ಬೆಂಕಿ ಬಂದ ಮೇಲೆ ಅದು ಬೆಂಕಿಯೆಂದು ಹೇಳಲಿಕ್ಕೆ ಇಷ್ಟು ಓದಿದವರು ಬೇಕೇ?

ಸೀತು ಪಂಪು ಒತ್ತಿದಳು. ಗುಡ್ಡೆ ಉಬ್ಬಿತು, ನೆತ್ತಿಯ ಕೋಲು ಮೇಲೆದ್ದಿತು. ಬುಡದ ಪೈಪಿನಲ್ಲಿ ನೀರು ಏರಬೇಕಿತ್ತು. ಕೂದಲೆಳೆಯಷ್ಟೂ ಏರಲಿಲ್ಲ. ಇನ್ನೊಮ್ಮೆ ಒತ್ತಿದಳು, ಮಣ್ಣು ಬಿರುಕು ಬಿಟ್ಟಿತು. ನೀರು ಇದ್ದಲ್ಲೇ ಇತ್ತು. ತೀರ್ಪುಗಾರರು ನಕ್ಕು, ಏನೋ ಗೀಚಿ ಮುಂದೆ ಹೋದರು.

"ತಲೆಯಲ್ಲಿ ಎಂತ ತುಂಬಿದ್ದಿ? ಸಗಣಿಯಾ?" ದೇರಣ್ಣನ ಗಂಟಲು ಇಡೀ ಹಾಲಿಗೆ ಕೇಳಿತು. "ಇಪ್ಪತ್ತು ವರ್ಷದಿಂದ ಸುಳ್ಳು ಹೇಳದ ಪೈಪು! ಅದರ ಮರ್ಯಾದೆ ತೆಗೆದಿಯಲ್ಲ!"

ಸೀತು ಅಳಲಿಲ್ಲ. ತುಟಿ ಕಚ್ಚಿಕೊಂಡು ನೆತ್ತಿಯ ಕೋಲಿನ ಪಾಚಿಯನ್ನು ಕಿತ್ತಳು. ಪೈಪಿನ ಬಾಯಲ್ಲಿ ಬಿರಡೆ ಗಟ್ಟಿಯಾಗಿ ಕೂತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನೀರು ಚೆಲ್ಲದಿರಲೆಂದು ದೇರಣ್ಣ ಎರಡೂ ತುದಿಗೆ ಜಡಿಯುತ್ತಿದ್ದ ಬಿರಡೆ. ಆ ದಿನ ಬಸ್ಸು ಹತ್ತುವಾಗಲೂ ಜಡಿದಿದ್ದ. ಬುಡದ್ದನ್ನು ಮಗಳು ತೆಗೆದಿದ್ದಳು. ಇದನ್ನು ತೆಗೆಯಬೇಕಾದವನು ಅವನು. ಒಂದು ಬಾಯಿ ಮುಚ್ಚಿದರೆ ನೀರು ಅಲ್ಲಾಡುವುದಿಲ್ಲವೆಂದು ಆಳುಗಳನ್ನು ದಿನಾ ಗದರಿಸುತ್ತಿದ್ದವನೂ ಅವನೇ.

ಸೀತು ಬಿರಡೆ ತೆಗೆದದ್ದೇ ತಡ, ಬುಡದ ಕೆಂಪು ನೀರು ಗುರುತಿನಿಂದ ಎರಡು ಬೆರಳು ಮೇಲೆ ನಿಂತಿತು. ದೇರಣ್ಣ ತೀರ್ಪುಗಾರರ ಹಿಂದೆ ಓಡಿದ.

"ಸಾರ್, ತಪ್ಪು ನನ್ನದು. ಒಮ್ಮೆ ಬಂದು ನೋಡಿ."

"ಮಾರ್ಕು ಬರೆದಾಯ್ತು ಮಾರಾಯ್ರೆ."

"ಬರೆದದ್ದನ್ನು ಹೊಡೆದು ಹಾಕ್ಲಿಕ್ಕೆ ನಿಮ್ಮ ಪೆನ್ನಿಗೆ ಎಂತ ರೋಗ?"

ಇಬ್ಬರು ಮಾಸ್ತರರು ಅವನ ತೋಳು ಹಿಡಿದು ಹೊರಗೆ ಬಿಟ್ಟರು. ಮಂಗಳೂರಿನ ಪಟ್ಟಿಯಲ್ಲಿ ಕಿಡಿ ಕಾರಿದ ಗುಡ್ಡೆಯ ಹೆಸರು ಬಂತು.

ಸಂಜೆಯ ಬೆಳ್ಳಾರೆ ಬಸ್ಸು ತುಂಬಿ ತುಳುಕುತ್ತಿತ್ತು. ಕುಂಬ್ರದವರೆಗೂ ದೇರಣ್ಣ ಆ ಮನುಷ್ಯನನ್ನು ಬೈದ. ಸೀತು ಕಿಟಕಿಯಿಂದ ಮುಖ ತಿರುಗಿಸಿರಲಿಲ್ಲ.

"ಒಂದು ಮಾತಾಡು ಮಾರಾಯ್ತಿ."

"ಆ ಸಾರ್‌ಗೆ ನಾನು ಯಾರೂ ಅಲ್ಲ. ನೀವು ಬೈದದ್ದು ನಮ್ಮ ಶಾಲೆಯವರೆಲ್ಲರ ಎದುರು. ತಪ್ಪು ನಿಮ್ಮದು ಅಂತ ಹೇಳಿದ್ದು ಅವರೊಬ್ಬರಿಗೆ."

ದೇರಣ್ಣನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು, ತನ್ನ ಮೇಲೇ ಸಿಟ್ಟು ಬಂತು. ಕಂಬಿ ಹಿಡಿದು ಎದ್ದು ನಿಂತ.

"ಕೇಳಿ ಎಲ್ಲರೂ! ನನ್ನ ಮಗಳ ಲೆಕ್ಕ ಸರಿ ಇತ್ತು. ಬಿರಡೆ ಹಾಕಿ ಮರೆತ ಕತ್ತೆ ನಾನು!"

ಕಂಡಕ್ಟರ್ ಮುಖ ಆಚೆ ಮಾಡಿ ನಕ್ಕ. ದೇರಣ್ಣ ಬೆವರೊರೆಸಿಕೊಂಡು ಕೂತ.

ಸೀತುವಿನ ಮುಖ ಸಡಿಲಾಗಲಿಲ್ಲ. ಮುಷ್ಟಿಯಲ್ಲಿದ್ದ ಬಿರಡೆಯನ್ನು ಅಪ್ಪನ ಅಂಗೈಗೆ ಒತ್ತಿದಳು.

"ನಾಳೆ ಶಾಲೆಗೆ ಬಂದು ಇನ್ನೊಮ್ಮೆ ಹೇಳಿ. ಬರುವಾಗ ಇದನ್ನೂ ತನ್ನಿ."